ತಾಳೆ ನೋಡುವ ಗುರುಬಸವರಾಜ್

ನ್ಯಾಮತಿಯ ಗುರುಬಸವರಾಜನ ಮೇಜಿನ ಮೇಲೆ ಎರಡು ಯಂತ್ರಗಳು ಸದಾ ಎದುರುಬದುರು: ಒಂದು ಈಗ ಯಾರೂ ತಯಾರಿಸದ ಹಳೆಯ ಕಂಪ್ಯೂಟರ್, ಇನ್ನೊಂದು ಅವನು ಬರೆದ ಪ್ರೋಗ್ರಾಂನಿಂದ ಅದರಂತೆಯೇ ಲೆಕ್ಕ ಮಾಡಲು ಕಲಿಯುತ್ತಿರುವ ಲ್ಯಾಪ್‌ಟಾಪ್. ಹಳೆಯದು ಕೆಟ್ಟು ಕೂರುವುದರೊಳಗೆ ಹೊಸದು ಅದರ ಜಾಗ ತುಂಬಬೇಕು. ಎರಡಕ್ಕೂ ಒಂದೇ ಭಾಗಾಕಾರ ಕೊಟ್ಟು, ಅಕ್ಕಿ ಆರಿಸುವವರ ಹಾಗೆ ದಶಮಾಂಶಗಳನ್ನು ತಾಳೆ ನೋಡುತ್ತಾನೆ. ಕೊನೆಯ ಅಂಕಿ ಬೇರೆಯಾದರೆ ಅಂದು ಅನ್ನ ಸೇರದು. ಹೊನ್ನಾಳಿಯ ಹೋಟೆಲಿನಲ್ಲಿ ಎರಡು ಇಡ್ಲಿ ಬಂದರೂ ಅಕ್ಕಪಕ್ಕ ಇಟ್ಟು ನೋಡಿಯೇ ತಿನ್ನುವುದು. "ಲ್ಯಾಪ್‌ಟಾಪಿಂದೇ ಸರಿ ಐತಲ್ರೀ, ತಪ್ಪಿರೋದು ಹಳೇದು" ಎಂದು ಹೆಂಡತಿ ಹೇಮಾವತಿ ಅಂದರೆ ಸಿಡುಕುತ್ತಾನೆ: "ಸರಿ ಉತ್ತರ ಯಾರಿಗೆ ಬೇಕಾಗೈತೆ? ಅದು ಹೆಂಗೆ ತಪ್ಪುತ್ತೋ ಇದೂ ಹಂಗೇ ತಪ್ಪಬೇಕು." ಕಣ್ಣು ಹೋಗಿ, ನೆನಪೂ ಮಾಸಿರುವ ತಾಯಿ ಕಸ್ತೂರಮ್ಮ ಸಂಜೆಯಾದರೆ ಕೇಳುವುದು ಹೋದ ವರ್ಷ ತೀರಿಕೊಂಡ ಹಿರಿಮಗ ಓಂಕಾರನನ್ನು. ಆಗ ಗುರುಬಸವರಾಜ್ ಅಣ್ಣನ ಹಾಗೆ ಚಪ್ಪಲಿ ಎಳೆಯುತ್ತಾ ಬಂದು, ಅಣ್ಣನ ಹಾಗೆಯೇ ಕೆಮ್ಮಿ, ಅವನದೇ ದಪ್ಪ ದನಿಯಲ್ಲಿ, "ಅವ್ವಾ, ಉಂಡ್ಯಾ?" ಎನ್ನುತ್ತಾನೆ. ಮೊನ್ನೆ ಕಸ್ತೂರಮ್ಮ ಅವನ ಕೆನ್ನೆ ಸವರಿ, "ಎಲ್ಲಾ ಅವ್ನಂಗೇ ಐತೆ. ಆದ್ರೆ ನನ್ನ ಓಂಕಾರ ಒಂದಿನಾನೂ ಉಂಡ್ಯಾ ಅಂತ ಕೇಳ್ದೋನಲ್ಲ. ನೀನು ಯಾರಪ್ಪಾ?" ಎಂದಳು.