ಗೇರಿನಂಥ ಕುಡಿ

ಸುಗಂಧಕ್ಕನ ಜೊತೆ ವಾಕಿಂಗ್ ಹೊರಟರೆ ನಡೆಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ದಾರಿಯಲ್ಲಿ ಕಂಡ ಗಿಡದ ತುದಿ ಚಿವುಟುತ್ತಾರೆ, ಬೆರಳಲ್ಲಿ ಹೊಸಕಿ ಮೂಸುತ್ತಾರೆ, "ಇದು ನಮ್ಮೂರಿನದರ ಹಾಗೆಯೇ ಉಂಟು ಮಾರಾಯ್ತಿ" ಎನ್ನುತ್ತಾರೆ. ನಾನು ಮೈಸೂರಿನವಳು, ಹುಟ್ಟಾ ಪುಕ್ಕಲು. ಅಂಗಡಿಯ ಕೊತ್ತಂಬರಿ ಸೊಪ್ಪನ್ನೂ ಮೂರು ನೀರಲ್ಲಿ ತೊಳೆಯುವವಳು. "ಅಕ್ಕಾ, ಗೊತ್ತಿಲ್ಲದ್ದನ್ನ ಮುಟ್ಟಬೇಡಿ" ಎಂದು ಗೋಗರೆದರೆ, "ನಿನ್ನ ಹೆದರಿಕೆಗೆ ಮದ್ದಿಲ್ಲ ಫಿರೋಜಾ" ಎಂದು ನಕ್ಕು ಮುಂದಿನ ಗಿಡಕ್ಕೆ ಕೈ ಹಾಕುತ್ತಿದ್ದರು.

ಅವರು ಉಡುಪಿ ಕಡೆಯವರು. ಸ್ಯಾನ್ ಡಿಯಾಗೋಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಗಂಡ ಮೋಹನದಾಸ ಅಂಕಲ್ ಸೊರೆಂಟೊ ವ್ಯಾಲಿಯ ಚಿಪ್ ಕಂಪನಿಯೊಂದರಲ್ಲಿ ದುಡಿದು ರಿಟೈರ್ ಆದವರು. ಅಕ್ಕ ಮನೆಯಲ್ಲೇ ರವಿಕೆ ಹೊಲಿಯುತ್ತಾರೆ. ಊರಲ್ಲಿ ಯಾವ ಕನ್ನಡದ ಮನೆಯ ಮದುವೆಯಾದರೂ ರವಿಕೆ ಅವರ ಮಿಷನ್ನಿನಿಂದಲೇ ಬರಬೇಕು. ನಮ್ಮ ಬೀದಿಯ ಆ ತುದಿಯಲ್ಲಿ ಅವರ ಮನೆ, ಈ ತುದಿಯಲ್ಲಿ ನಮ್ಮದು. ಮೊದಲ ದಿನ ನಾನು 'ಆಂಟಿ' ಎಂದಾಗ ಮುಖ ಸಿಂಡರಿಸಿದರು. "ಆಂಟಿ ಎಲ್ಲ ಬೇಡ, ಅಕ್ಕ ಅನ್ನು" ಎಂದರು. ನನ್ನ ಮಗಳು ಐಮನ್‌ಗೆ ಮಾತ್ರ ಅವರು ಅಜ್ಜಿ. ಅವಳ ನಿಜವಾದ ಅಜ್ಜಿಯರಿಬ್ಬರೂ ಮೈಸೂರಿನಲ್ಲಿ, ಫೋನಿನೊಳಗೆ.

ಅಕ್ಕನ ಅಡುಗೆಗೆ ಒಂದು ನೇಮ. ದೇವರಿಗೆ ಇಡುವ ಮೊದಲು ರುಚಿ ನೋಡುವುದಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಕೈಯಳತೆ. "ಉಪ್ಪು ಜಾಸ್ತಿಯಾದ್ರೆ ದೇವರು ಹೇಳ್ತಾನಾ ಅಕ್ಕ?" ಎಂದು ನಾನು ರೇಗಿಸುತ್ತಿದ್ದೆ. "ಇಷ್ಟು ವರ್ಷ ಅವ ಎಂತ ಹೇಳ್ಲಿಲ್ಲ" ಎನ್ನುತ್ತಿದ್ದರು. ನಿಜ ಹೇಳಬೇಕೆಂದರೆ, ಅವರ ಕೈಯಡುಗೆಗೆ ಹೆಸರಿಡುವ ಹಾಗಿರಲಿಲ್ಲ. ಅದರಲ್ಲೂ ತಂಬುಳಿ. ಸೊಪ್ಪೋ ಕುಡಿಯೋ ತುಪ್ಪದಲ್ಲಿ ಬಾಡಿಸಿ, ಜೀರಿಗೆ ಕಾಳುಮೆಣಸು ತೆಂಗಿನಕಾಯಿಯ ಜೊತೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿ ಕೊಟ್ಟರೆ ಐಮನ್ ಅನ್ನಕ್ಕೂ ಕಾಯದೆ ಲೋಟದಲ್ಲಿ ಕುಡಿಯುತ್ತಿದ್ದಳು.

ಎರಡು ಸಾವಿರದ ಇಪ್ಪತ್ತಮೂರರ ಚಳಿಗಾಲದಲ್ಲಿ ಇಲ್ಲಿ ಯಾರೂ ಕಾಣದಷ್ಟು ಮಳೆ ಸುರಿಯಿತು. ಒಣಗಿ ಕಂದಾಗಿರುತ್ತಿದ್ದ ಕಣಿವೆಗಳೆಲ್ಲ ಹಸಿರಾದವು. ನಮ್ಮ ಮನೆಯ ಹಿಂದಿನ ಪೆನ್ಯಾಸ್ಕಿಟೋಸ್ ಕಣಿವೆಯ ಕಾಲುದಾರಿಯ ಇಕ್ಕೆಲದಲ್ಲೂ ಪೊದೆಗಳು ಚಿಗುರಿದವು. ಅದೇ ಹೊತ್ತಿಗೆ ರಂಜಾನ್ ಬಂತು. ಒಂಬತ್ತು ವರ್ಷದ ಐಮನ್ ಈ ಸಲ ರೋಜಾ ಇಟ್ಟೇ ಇಡುತ್ತೇನೆಂದು ಹಟ ಹಿಡಿದಳು. ಸ್ಕೂಲಿಲ್ಲದ ಶನಿವಾರ ಇರಲಿ ಎಂದು ನಾನೂ ನನ್ನ ಗಂಡ ಅರ್ಷದ್‌ನೂ ಒಪ್ಪಿದೆವು. ಮಗುವಿನ ಮೊದಲ ರೋಜಾ ಎಂದರೆ ನಮ್ಮಲ್ಲಿ ಸಣ್ಣ ಹಬ್ಬ. ಹೂವಿನ ಹಾರ ತರಿಸಿದ್ದೆವು, ಹೊಸ ಬಟ್ಟೆ ತೆಗೆದಿದ್ದೆವು, ಮೈಸೂರಿನಲ್ಲಿ ಅಜ್ಜಿಯರು ವಿಡಿಯೋ ಕಾಲಿಗೆ ಕಾದಿದ್ದರು.

ಆ ಶನಿವಾರ ಅಕ್ಕನಿಗೂ ಉಪವಾಸ, ಏಕಾದಶಿ. ಅಂಕಲ್ ವಾಲ್‌ನಟ್ ಎಂಬ ಊರಿನಲ್ಲಿರುವ ಮಗನ ಮನೆಗೆ ಹೋಗಿದ್ದರು. ಅಕ್ಕ ಬೆಳಿಗ್ಗೆ ಒಬ್ಬರೇ ಕಣಿವೆಗೆ ವಾಕಿಂಗ್ ಹೋಗಿದ್ದಾರೆ. ಓಕ್ ಮರದ ನೆರಳಿನಲ್ಲಿ ಒಂದು ಪೊದೆ, ಅದರ ತುಂಬ ಕೆಂಪು ಕುಡಿ, ಎಣ್ಣೆ ಹಚ್ಚಿದಂತೆ ಮಿರಮಿರ. ಊರಿನ ಗೇರುಮರದ ಕುಡಿಯೇ ಕಣ್ಣಿಗೆ ಕಟ್ಟಿತಂತೆ. ಅವರ ಕಡೆ ಗೇರುಕುಡಿಯ ತಂಬುಳಿ ಹೊಟ್ಟೆಗೆ ತಂಪೆಂದು ಮಾಡುತ್ತಾರೆ. ದಿನವಿಡೀ ನೀರೂ ಕುಡಿಯದ ಮಗು ಸಂಜೆ ಕುಡಿಯಲಿ ಎಂದು ಸೆರಗಿನ ತುಂಬ ಚಿವುಟಿಕೊಂಡು ಬಂದರು. ಮಧ್ಯಾಹ್ನ ಸ್ಟೀಲ್ ಡಬ್ಬಿಯಲ್ಲಿ ತಂಬುಳಿ ತಂದುಕೊಟ್ಟು, "ಫ್ರಿಜ್‌ನಲ್ಲಿಡು, ನನ್ನ ಪುಟ್ಟಿಗೆ" ಎಂದು ಹೋದರು. ಏಕಾದಶಿಯಾದ್ದರಿಂದ ಅಂದು ನೈವೇದ್ಯವೂ ಇಲ್ಲ, ಅವರ ನಾಲಿಗೆಗೂ ಒಂದು ತೊಟ್ಟು ಇಲ್ಲ. ನನಗೂ ರೋಜಾ. ಹೀಗೆ ಆ ಡಬ್ಬಿಯನ್ನು ಯಾರೂ ರುಚಿ ನೋಡಿರಲಿಲ್ಲ.

ಸಂಜೆ ಮೇಜಿನ ಮೇಲೆ ಖರ್ಜೂರ, ಹಣ್ಣು, ಸಮೋಸ ಜೋಡಿಸಿದೆವು. ಐಮನ್ ಹಾರ ಹಾಕಿಕೊಂಡು ಕೂತಿದ್ದಳು. ಮುಖ ಬಾಡಿತ್ತು, ತುಟಿ ಒಣಗಿತ್ತು. ಆದರೂ ಎಷ್ಟು ಗಟ್ಟಿ ಹುಡುಗಿ ಎಂದು ಅರ್ಷದ್ ಹೊಗಳಿದ್ದೇ ಹೊಗಳಿದ್ದು. ಅವಳು ತಲೆಯೆತ್ತದೆ ಕೂತಿದ್ದನ್ನು ನಾನು ನಾಚಿಕೆ ಎಂದುಕೊಂಡೆ. ನಾನೇ ಅವಳ ಲೋಟಕ್ಕೆ ತಂಬುಳಿ ಬಗ್ಗಿಸಿಟ್ಟೆ. ಅರ್ಷದ್‌ನ ಫೋನಿನಲ್ಲಿ ಆಜಾನ್ ಶುರುವಾಯಿತು. ಖರ್ಜೂರ ಬಾಯಿಗಿಟ್ಟೆವು.

ಆಗ ಬಾಗಿಲು ದಬದಬ ಬಡಿಯಿತು.

ತೆರೆದರೆ ಸುಗಂಧಕ್ಕ. ಕಾಲಲ್ಲಿ ಚಪ್ಪಲಿಯಿಲ್ಲ. ಎರಡೂ ಕೈ ಮೇಲಕ್ಕೆತ್ತಿಕೊಂಡಿದ್ದರು, ಮೊಣಕೈಯಿಂದ ಬಾಗಿಲು ಬಡಿದಿದ್ದರು. "ಕುಡೀಬೇಡಿ! ತಂಬುಳಿ ಕುಡೀಬೇಡಿ! ಅದು ವಿಷ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಅರ್ಷದ್ ಒಂದೇ ನೆಗೆತಕ್ಕೆ ಐಮನ್ ಕೈಯಿಂದ ಲೋಟ ಕಿತ್ತುಕೊಂಡ. ಲೋಟ ತುಂಬಿಯೇ ಇತ್ತು.

ನಡೆದದ್ದಿಷ್ಟು. ಅಕ್ಕ ಆ ಕುಡಿಯ ಫೋಟೋವನ್ನು ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು, 'ಇಲ್ಲಿಯೂ ಗೇರುಕುಡಿ ಸಿಕ್ಕಿತು' ಎಂಬ ಜಂಬದಿಂದ. ಸಂಜೆ ಅದನ್ನು ನೋಡಿದವರು ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನ ಉದಯಶಂಕರ. ವಾರವಾರ ಬೆಟ್ಟ ಹತ್ತುವ ಮನುಷ್ಯ. ಕೂಡಲೇ ಅಕ್ಕನಿಗೆ ಫೋನ್ ಮಾಡಿದ್ದಾರೆ. "ಆಂಟಿ, ಅದು ಪಾಯ್ಸನ್ ಓಕ್. ಮೂರು ಮೂರು ಎಲೆ ಇದೆ ನೋಡಿ. ಮುಟ್ಟಿದ್ರೇನೇ ಮೈಯೆಲ್ಲ ಬೊಬ್ಬೆ ಬರುತ್ತೆ. ಏನ್ ಮಾಡಿದ್ರಿ ಅದನ್ನ?" ಅಕ್ಕ ಆ ಕಾಲ್ ಕತ್ತರಿಸಿದರು. ನನಗೆ ಫೋನ್ ಮಾಡಿದರು, ನನ್ನ ಫೋನ್ ಒಳಗೆ ಚಾರ್ಜಿಗಿತ್ತು. ಓಡಿದರು.

ನನಗೆ ಹೋದ ಜೀವ ಬಂದಂತಾಯಿತು. ಮಗಳನ್ನು ತಬ್ಬಿಕೊಂಡೆ. ಭಯ ಇಳಿಯುತ್ತಲೇ ಸಿಟ್ಟು ಏರಿತು. "ನಿಮಗೆ ಕಾಡಿನ ಸೊಪ್ಪೇ ಬೇಕಿತ್ತಾ ಅಕ್ಕ? ಅಂಗಡೀಲಿ ಪಾಲಕ್ ಇರಲಿಲ್ವಾ?" ಎಂದು ಚೀರಿದೆ. ಅವರು ನೇರ ಅಂಗಳಕ್ಕೆ ಇಳಿದರು. ಉದಯಶಂಕರ ಹೇಳಿದ್ದರಂತೆ, ಆ ಗಿಡದ ಸೊನೆ ಎಣ್ಣೆಯ ಹಾಗೆ ಅಂಟುತ್ತದೆ, ಬರೀ ನೀರಿಗೆ ಹೋಗುವುದಿಲ್ಲ ಎಂದು. ಅಂಗಳದ ನಲ್ಲಿಯಲ್ಲಿ ಪಾತ್ರೆ ತೊಳೆಯುವ ಸೋಪು ಹಾಕಿ ತಣ್ಣೀರಿನಲ್ಲಿ ಮತ್ತೆ ಮತ್ತೆ ಕೈ ತೊಳೆದರು. ಉಗುರಿನ ಸಂದಿಯನ್ನೂ ಬಿಡಲಿಲ್ಲ. ಅಷ್ಟು ಹೊತ್ತಿನ ಮೇಲೆ ತೊಳೆದರೆ ಎಷ್ಟು ಹೋದೀತು ಎಂದು ಅವರಿಗೂ ಗೊತ್ತಿತ್ತು.

ಆಮೇಲೆ ಡಬ್ಬಿ ಎಸೆಯಲು ಒಳಬಂದರು. ಮುಚ್ಚಳ ತೆಗೆದು ನೋಡಿದವರು ಹಾಗೇ ನಿಂತರು. ಐಮನ್ ಲೋಟದಲ್ಲಿದ್ದದ್ದನ್ನು ಡಬ್ಬಿಗೆ ವಾಪಸ್ ಸುರಿದರು. ಮತ್ತೆ ಇಣುಕಿದರು.

"ನಾನು ಮುಚ್ಚಳಕ್ಕೆ ತಾಗುವ ಹಾಗೆ ತುಂಬಿಸಿದ್ದು. ಇದು ಕಮ್ಮಿ ಉಂಟು. ಯಾರು ಕುಡಿದದ್ದು?"

"ಯಾರೂ ಕುಡಿದಿಲ್ಲ ಅಕ್ಕ. ಎಲ್ಲರಿಗೂ ರೋಜಾ ಅಲ್ವಾ?" ಎಂದೆ.

ಹೇಳುತ್ತಲೇ ಅಕ್ಕನ ನೋಟ ಹೋದ ಕಡೆ ತಿರುಗಿದೆ. ಅಕ್ಕ ಐಮನ್‌ಳನ್ನು ನೋಡುತ್ತಿದ್ದರು. ಅವಳು ಹಾರದ ಒಂದೊಂದೇ ಎಸಳು ಕೀಳುತ್ತಿದ್ದಳು. ಅಕ್ಕ ಮಂಡಿಯೂರಿ ಕೂತರು. ಮಗುವಿಗೆ ತಾಗಬಾರದೆಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ಪುಟ್ಟಿ, ಉಪವಾಸ ಮುರಿದ್ರೆ ದೇವರು ಮಕ್ಕಳಿಗೆ ಬೈಯುದಿಲ್ಲ. ನಾನೂ ಸಣ್ಣದಿರುವಾಗ ಏಕಾದಶಿ ದಿನ ಅವಲಕ್ಕಿ ಕದ್ದು ತಿಂದವಳೇ. ನನಗೆ ಹೇಳು. ಕುಡಿದಿಯಾ?"

ಐಮನ್‌ಗೆ ಅಳು ಒತ್ತರಿಸಿ ಬಂತು. "ಜಸ್ಟ್ ಎ ಲಿಟಲ್, ಅಜ್ಜಿ. ಐ ವಾಸ್ ಸೋ ಥರ್ಸ್ಟಿ. ಎವ್ರಿಬಡಿ ವಾಸ್ ಸೋ ಹ್ಯಾಪಿ" ಎಂದು ಬಿಕ್ಕಿದಳು.

ನಾವೆಲ್ಲ ಮಲಗಿದ್ದ ಮಧ್ಯಾಹ್ನ ಫ್ರಿಜ್ ತೆರೆದು ಕುಡಿದಿದ್ದಳು. ಬಾಗಿಲಲ್ಲಿ ಅಜ್ಜಿ ವಿಷ ಎಂದು ಕೂಗಿದ ಗಳಿಗೆಯಿಂದ, ಒಂಬತ್ತು ವರ್ಷದ ಮಗು, ತನ್ನ ಹೊಟ್ಟೆಯಲ್ಲಿ ವಿಷವಿದೆ ಎಂದು ಒಬ್ಬಳೇ ತಿಳಿದುಕೊಂಡು ಸುಮ್ಮನೆ ನಿಂತಿದ್ದಳು. 

ಬಾಯಿ ಮುಕ್ಕಳಿಸಿಸಿ ಕಾರಿಗೆ ಹತ್ತಿಸಿದೆವು. ಅಕ್ಕ ಹತ್ತಲಿಲ್ಲ. "ನನ್ನ ಸೀರೆಯಲ್ಲಿ ಸೊನೆ ಇದ್ರೆ? ಬೇಡ, ನೀವು ಹೋಗಿ" ಎಂದು ಫುಟ್‌ಪಾತಿನ ಮೇಲೆ ಕೈ ಎತ್ತಿಕೊಂಡೇ ನಿಂತರು. ಅರ್ಷದ್ ಡ್ರೈವ್ ಮಾಡುತ್ತಿದ್ದ. ನಾನು ಪಾಯ್ಸನ್ ಕಂಟ್ರೋಲ್ ಸಹಾಯವಾಣಿಗೆ ಕಾಲ್ ಮಾಡಿದೆ. ಆ ಕಡೆಯ ಹೆಂಗಸು ಸಮಾಧಾನದಿಂದಲೇ ಎಲ್ಲ ಕೇಳಿದಳು. ಎಷ್ಟು ಕುಡಿದಳು, ಉಸಿರಾಟ ಹೇಗಿದೆ, ನುಂಗಲು ಕಷ್ಟವಿದೆಯೇ. ಕೊನೆಗೆ, ಮಗುವಿಗೆ ಯಾವಾಗಲಾದರೂ ಮಾವು ಅಥವಾ ಗೇರು ಆಗದೆ ಅಲರ್ಜಿ ಬಂದಿದೆಯೇ ಎಂದಳು. ಹಿಂದಿನ ಬೇಸಿಗೆ ಮೈಸೂರಿನಲ್ಲಿ ಮಾವಿನಕಾಯಿ ಕಚ್ಚಿ, ಸೊನೆ ತಾಗಿ, ಐಮನ್‌ಳ ತುಟಿಯ ಸುತ್ತ ಬೊಬ್ಬೆ ಎದ್ದಿದ್ದವು. ಮಾವು, ಗೇರು, ಈ ಗಿಡ ಎಲ್ಲ ಒಂದೇ ಕುಟುಂಬವಂತೆ. ಸುಗಂಧಕ್ಕನ ಕಣ್ಣು ನೆಂಟಸ್ತಿಕೆಯನ್ನು ಸರಿಯಾಗಿಯೇ ಹಿಡಿದಿತ್ತು.

ಎಮರ್ಜೆನ್ಸಿಯ ಡಾಕ್ಟರ್ ಬಾಯಿ, ಗಂಟಲು ನೋಡಿ ಈಗೇನೂ ಕಾಣುತ್ತಿಲ್ಲ ಎಂದರು. ಇದು ಕೂಡಲೇ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಬರಬಹುದು, ಬಾರದೆಯೂ ಇರಬಹುದು. ಗಂಟಲು ಊದಿದರೆ, ಉಸಿರಾಡಲು ಕಷ್ಟವಾದರೆ ತಡಮಾಡದೆ ಬನ್ನಿ ಎಂದು ಕಳಿಸಿದರು. ಈಗ ಹೆದರಬೇಡಿ, ಆಮೇಲೆ ಹೆದರಿ ಎಂದ ಹಾಗಾಯಿತು. ನನ್ನಂಥವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕೇ? ಗಳಿಗೆಗೊಮ್ಮೆ ಫೋನಿನ ಟಾರ್ಚ್ ಹಾಕಿ, "ಆ ಅನ್ನು" ಎಂದು ಅವಳ ಬಾಯಿ ನೋಡುತ್ತಿದ್ದೆ. ಅವಳು ಕೆಮ್ಮಿದರೆ ಕಾರಿನ ಕೀ ಹುಡುಕುತ್ತಿದ್ದೆ.

ಸೋಮವಾರ ಬೆಳಿಗ್ಗೆ ಐಮನ್‌ಳ ತುಟಿ ಊದಿತು, ಕೆಳದವಡೆ ಕೆಂಪಾಯಿತು, ನಾಲಿಗೆ ಹೊರಳದೆ ಮಾತು ತೊದಲಿತು. ಮತ್ತೆ ಓಡಿದೆವು. ಊತ ಗಂಟಲಿಗೆ ಇಳಿದಿಲ್ಲ ಎಂದು ಡಾಕ್ಟರ್ ಹೇಳುವವರೆಗೂ ನಾನು ಅವಳ ಕೈ ಬಿಡಲಿಲ್ಲ. ಸ್ಟೀರಾಯ್ಡ್ ಕೊಟ್ಟು ಒಂದು ದಿನ ಇಟ್ಟುಕೊಂಡರು. ಮನೆಗೆ ಕಳಿಸುವಾಗಲೂ ಔಷಧಿಯನ್ನು ಥಟ್ಟನೆ ನಿಲ್ಲಿಸಬಾರದು, ನಿಧಾನಕ್ಕೆ ಇಳಿಸಬೇಕು ಎಂದರು.

ಅಕ್ಕನದು ಇನ್ನೂ ಕೆಟ್ಟದಾಗಿತ್ತು. ಬೆರಳಿನಿಂದ ಮೊಣಕೈವರೆಗೆ ನೀರುಬೊಬ್ಬೆ, ಸೆರಗು ತಾಗಿದ ಹೊಟ್ಟೆಯ ಮೇಲೂ ಬೊಬ್ಬೆ, ಒಂದು ಕಣ್ಣು ಮುಚ್ಚಿಹೋಗಿತ್ತು. ಮೊದಲು ತೆಂಗಿನೆಣ್ಣೆ ಹಚ್ಚಲು ಹೋದವರನ್ನು, ಸುದ್ದಿ ಕೇಳಿ ಮಗನ ಮನೆಯಿಂದ ವಾಪಸ್ ಬಂದ ಅಂಕಲ್ ತಡೆದರಂತೆ. ಕೈ ತಣ್ಣೀರು ಬಟ್ಟೆಯಲ್ಲಿ, ಮೇಲೆ ಕ್ಯಾಲಮೈನ್ ಲೋಷನ್, ಹೊಲಿಗೆ ಬಂದ್. ಮುಟ್ಟಿದ ಬಟ್ಟೆಬರೆಯನ್ನೆಲ್ಲ ಅಂಕಲ್ ಗ್ಲೌಸ್ ಹಾಕಿಕೊಂಡು ಬೇರೆಯಾಗಿ ಒಗೆದರು. ಅಷ್ಟೆಲ್ಲದರ ನಡುವೆ ಅಕ್ಕ ನನಗೆ ಕಳಿಸುತ್ತಿದ್ದ ವಾಯ್ಸ್ ಮೆಸೇಜ್ ಒಂದೇ: "ಪುಟ್ಟಿಯ ಉಸಿರು ಹೇಗುಂಟು?" ತಮ್ಮ ಬಗ್ಗೆ ಒಂದು ಮಾತಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಭಯ ಮಾತ್ರ ಹೋಗಲಿಲ್ಲ.

ಈದ್ ದಿನ ಬಾಗಿಲು ಸದ್ದಾಯಿತು. ಅಕ್ಕ ಬಂದಿದ್ದರು. ಕೈಯ ಚರ್ಮ ಸುಲಿದು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಆ ಕೈಯಲ್ಲಿ ಹೊಸ ಡಬ್ಬಿ. ಒಳಗೆ ಕರೆದರೂ ಹೊಸಿಲು ದಾಟಲಿಲ್ಲ.

"ದೊಡ್ಡಪತ್ರೆಯ ತಂಬುಳಿ. ನನ್ನದೇ ಕುಂಡದ್ದು, ನೀನೇ ಎಷ್ಟು ಸಲ ಕೊಂಡುಹೋಗಿದ್ದಿ" ಎಂದರು. ಲೋಟ ತಾವೇ ತಂದಿದ್ದರು. ನಮ್ಮೆದುರೇ ಬಗ್ಗಿಸಿ ಗಟಗಟ ಕುಡಿದರು.

"ದೇವರಿಗೆ ಇಟ್ರಾ ಅಕ್ಕ?" ಎಂದು ಕೇಳಿದೆ.

"ಇಲ್ಲ. ಅವ ಕಾಯ್ತಾನೆ. ಇನ್ನು ಮೊದಲು ನಾನು."

ಐಮನ್ ಒಳಗಿನಿಂದ ತನ್ನ ಲೋಟ ತಂದು ಚಾಚಿದಳು. ನನ್ನ ಕೈ ತಾನಾಗಿಯೇ ಅವಳ ಭುಜ ಹಿಡಿದು ಹಿಂದಕ್ಕೆಳೆಯಿತು. ಅಕ್ಕ ಅದನ್ನು ನೋಡಿದರು. ಮುಖದಲ್ಲಿ ಬೇಸರ ತೋರಿಸಲಿಲ್ಲ. ಡಬ್ಬಿಯ ಮುಚ್ಚಳ ಹಾಕಿ ನನ್ನ ಕೈಗೆ ಕೊಟ್ಟರು. "ಫ್ರಿಜ್‌ನಲ್ಲಿಡು. ನಾಡಿದ್ದು ಬಂದು ನನ್ನ ಬಾಯಿ ತೋರಿಸ್ತೇನೆ. ಆಮೇಲೆ ಮಗುವಿಗೆ ಕೊಡು" ಎಂದು ಹೊರಟರು.

ಹೇಳಿದಂತೆ ಬಂದರು. ಬಾಗಿಲಲ್ಲೇ ನಿಂತು ಬಾಯಿ ತೆರೆದರು. ಐಮನ್ ನನ್ನ ಫೋನ್ ಕಿತ್ತುಕೊಂಡು ಟಾರ್ಚ್ ಹಾಕಿ, ನಾನು ಅವಳಿಗೆ ಮಾಡಿದ ಹಾಗೆಯೇ ಒಳಗೆಲ್ಲ ನೋಡಿದಳು. "ಯು ಆರ್ ಓಕೆ, ಅಜ್ಜಿ" ಎಂದಳು. ಬಾಯಿ ಇನ್ನೂ ತೆರೆದೇ ಇತ್ತು, ಅಕ್ಕನ ಕಣ್ಣಿನಿಂದ ನೀರು ಇಳಿಯಿತು.

ಡಬ್ಬಿ ತೆಗೆದು ಮೊದಲ ಲೋಟ ನಾನು ಕುಡಿದೆ. ಎರಡನೆಯದನ್ನು ಮಗಳ ಕೈಗೆ ಕೊಟ್ಟೆ. ಅವಳು ಕುಡಿದು ಮುಗಿಸುವವರೆಗೂ ಲೋಟದ ತಳ ಹಿಡಿದುಕೊಂಡೇ ಇದ್ದೆ.