ನಮ್ಮವರು ಸೀಟಲ್ಲ

ತುಂಬಿದ ಜೀಪಿನಲ್ಲಿ ಕೂತಿದ್ದ ನನ್ನ ಅಕ್ಕನನ್ನು ಕೂತಲ್ಲಿಯೇ ಇರಗೊಡಬೇಕಿತ್ತು. ನಾನು ಇರಗೊಡಲಿಲ್ಲ. ಅದು ಹೇಗಾಯಿತೆಂದು ಹೇಳಲು ನಮ್ಮೂರು ಕೊಹಿನೂರ ಬಿಟ್ಟು ಹುಮನಾಬಾದಿಗೆ ಬಂದದ್ದನ್ನೂ, ಇಲ್ಲಿ ಕಲಿತ ಒಂದು ಇಂಗ್ಲಿಷ್ ಶಬ್ದವನ್ನೂ ಹೇಳಬೇಕಾಗುತ್ತದೆ.

ತೊಂಬತ್ತರ ದಶಕದ ಆರಂಭ. ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಒಬ್ಬ ನನ್ನ ತೋಳು ಹಿಡಿದು, "ಕಲ್ಯಾಣಕ್ಕ ಒಂದು ಸೀಟ್ ಬಂತು!" ಎಂದು ಕೂಗಿದ. ಏನು ಬಂತೆಂದು ಹಿಂದೆ ತಿರುಗಿ ನೋಡಿದೆ. ಬಂದ ಸೀಟು ನಾನೇ. "ಕಲ್ಯಾಣದ ಕಡಿಂದನೇ ಬಂದೀನ್ರಿ, ಕೆಲಸ ಹುಡಕಾಕತ್ತೇನಿ" ಎಂದೆ. "ಮತ್ತ ಸುಮ್ಮನ್ಯಾಕ ನಿಂತಿ? ನೀನೂ ಕೂಗು" ಎಂದ. ಅವನೇ ಡ್ರೈವರ್ ಇಸ್ಮಾಯಿಲ್ ಚಾಚಾ. ಬಸವಕಲ್ಯಾಣಕ್ಕೆ ಹೋಗಿಬರುವ ಅವನ ಜೀಪಿಗೆ ಮಂದಿಯನ್ನು ಕರೆದು ತುಂಬಿ, ಹಿಂದೆ ಜೋತುಕೊಂಡು ಜೊತೆಗೇ ಹೋಗುವುದು ಅಂದಿನಿಂದ ನನ್ನ ಕೆಲಸವಾಯಿತು.

ನಮ್ಮೂರಲ್ಲಿ ಯಾರೇ ಬಂದರೂ ಮೊದಲು ಕಂಬಳಿ ಹಾಸುತ್ತಾರೆ, ಆಮೇಲೆ ಯಾರ ಮನೆಯವರೆಂದು ಕೇಳುತ್ತಾರೆ. ಇಲ್ಲಿ ಎಲ್ಲಿಗೆ ಹೋಗಬೇಕೆಂದಷ್ಟೇ ಕೇಳುತ್ತಾರೆ. ಮೊದಮೊದಲು ಅದು ಬಿಕೋ ಎನಿಸುತ್ತಿತ್ತು. ಆಮೇಲೆ ಹಿತವೆನಿಸಿತು, ಶಾಲೆ ಯಾಕೆ ಬಿಟ್ಟೆ ಎಂದು ಕೇಳುವವರು ಒಬ್ಬರೂ ಇರಲಿಲ್ಲ. ಪಂಕ್ಚರ್ ಅಂಗಡಿಯ ಹಿಂದೆ ಇರಲು ಒಂದು ತಗಡಿನ ಖೋಲಿ ಸಿಕ್ಕಿತು. ಬೆಳಿಗ್ಗೆ ತಿಂಡಿಯ ತಳ್ಳುಗಾಡಿಯ ಮುಂದೆ ನಿಂತು ಸುಸಲಾ, ಅಂದರೆ ಒಗ್ಗರಣೆ ಹಾಕಿದ ಚುರುಮುರಿ, ತಿನ್ನುತ್ತಿದ್ದೆ. ಊರಲ್ಲಿ ನಿಂತು ತಿಂದರೆ ಅಕ್ಕ ಬೈಯುತ್ತಿದ್ದಳು. ಕನ್ನಡ ಮರಾಠಿ ಬೆರೆಸಿ ಆಡುತ್ತಿದ್ದ ನನ್ನ ಬಾಯಿಗೆ ಸ್ಟ್ಯಾಂಡಿನ ಉರ್ದುವೂ ಹತ್ತಿತು. ಒಬ್ಬನೇ ಒಂದು ಜೀಪು ತುಂಬಿಸಿದ ದಿನ ಚಾಚಾ ಚಹಾ ಕುಡಿಸಿದ.

ಸೀಟು ಎಂಬ ಶಬ್ದ ಎಷ್ಟು ಕಡೆ ಓಡಾಡುತ್ತದೆಂದು ಅಲ್ಲಿ ತಿಳಿಯಿತು. ಕಿಟಕಿಯೊಳಗೆ ಟವೆಲ್ ಎಸೆದರೆ ಬಸ್ಸಿನ ಸೀಟು ನಮ್ಮದು. ಸಾಹುಕಾರರ ಮಗನಿಗೆ ಮೆಡಿಕಲ್ ಸೀಟು ಸಿಕ್ಕಿರುತ್ತದೆ. ಚುನಾವಣೆ ಬಂದರೆ ಯಾರ ಸೀಟು ಹೋಯಿತೆಂಬುದೇ ಮಾತು. ದಿನಾ ನಮ್ಮ ಜೀಪಿನಲ್ಲಿ ಕಲ್ಯಾಣಕ್ಕೆ ಹೋಗುತ್ತಿದ್ದ ಕಾಲೇಜಿನ ಸರ್ ಒಮ್ಮೆ ಇದರ ಮೂಲ ಹೇಳಿದರು. ಉತ್ತರದ ಸಮುದ್ರದ ಆಚೆಯ ಜನರ ಮಾತಿನಿಂದ ಅದು ಇಂಗ್ಲಿಷಿಗೆ ಬಂತಂತೆ. ಕೂಡುವ ಜಾಗ ಎಂದಷ್ಟೇ ಅರ್ಥ. ಆಮೇಲೆ ದೊರೆ ಕೂತ ಊರೂ ಸೀಟಾಯಿತು. ನಮ್ಮ ಸದನ, ಸದಸ್ಯ ಎಂಬ ಶಬ್ದಗಳೂ ಬಹಳ ಹಿಂದೆ ಅದೇ ಬೇರಿನವಂತೆ.

"ಕಲ್ಯಾಣಾನೂ ಒಂದು ಕಾಲಕ್ಕ ಚಾಲುಕ್ಯರ ಸೀಟ್ ಇತ್ತು" ಎಂದರು.

ಚಾಚಾ ಗೇರು ಬದಲಿಸುತ್ತ, "ಅಂದ್ರ ರಾಜಾನೂ ನಿಮ್ಮಂಗ ಒಂದು ಸೀಟೇ ಏನ್ರಿ ಸರ್?" ಎಂದ.

"ಹೌದು. ಆದ್ರ ಅವಗ 'ಸ್ವಲ್ಪ ಸರೀರಿ' ಅನ್ನಾಂವ ಯಾರೂ ಇರಲಿಲ್ಲ."

ಜೀಪೆಲ್ಲ ನಕ್ಕಿತು. ಸರ್ ಪಾಪ, ಅರ್ಧ ತೊಡೆಯಷ್ಟೇ ಸೀಟಿಗೆ ತಗಲಿಸಿ ಕೂತಿದ್ದರು.

ಜೀಪಿನವರಲ್ಲಿ, ಅಂದರೆ ನಮ್ಮ ಲೈನಿನಲ್ಲಿ, ಒಂದು ಪದ್ಧತಿ ಇತ್ತು. ನಮ್ಮ ಮನೆಯವರು ಹತ್ತಿದರೆ ಬಾಡಿಗೆ ಇಲ್ಲ. ಅವರನ್ನು ಸೀಟಿನ ಲೆಕ್ಕಕ್ಕೂ ಹಿಡಿಯುವುದಿಲ್ಲ. ಬಾಡಿಗೆಯವರು ಬಂದರೆ ಅವರು ಏಳಬೇಕು.

ಅವ್ವ ತೀರಿದ ಮೇಲೆ ನನ್ನನ್ನು ಬೆಳೆಸಿದವಳು ಅಕ್ಕ. ಅವಳನ್ನು ದುಬಲಗುಂಡಿಗೆ ಕೊಟ್ಟಿತ್ತು. ಹೊಟ್ಟೆಯ ಆಪರೇಷನ್ ಆಗಿ, ಹೊಲಿಗೆ ಬಿಚ್ಚಿ ಹೆಚ್ಚು ದಿನವಾಗಿರಲಿಲ್ಲ. ನಾಲ್ಕು ದಿನ ತವರಿನಲ್ಲಿ ಇರಲೆಂದು ಕೊಹಿನೂರಕ್ಕೆ ಹೊರಟಿದ್ದಳು. ಹುಮನಾಬಾದಿನಲ್ಲಿ ನಾನೇ ಕಿಟಕಿಯ ಬದಿಗೆ ಕೂಡಿಸಿದೆ. ರಾಜೇಶ್ವರದಲ್ಲಿ ಮದುವೆಗೆ ಹೊರಟ ಮಂದಿ ಹತ್ತಿದರು.

"ಅಕ್ಕಾ, ಸ್ವಲ್ಪ ಏಳು."

"ಹೊಟ್ಟಿ ಹಿಡಿತದೋ ತಮ್ಮಾ."

"ಇರ್ಲಿಬಿಡೋ, ಕೂಡ್ಲಿ" ಎಂದ ಚಾಚಾ.

"ನಮ್ಮೋಳೇ ಚಾಚಾ, ಸೀಟಲ್ಲ. ಲೈನಿನ ಪದ್ಧತಿ ಅದ ಅಲ್ಲ" ಎಂದೆ.

ಊರಲ್ಲಿ ಬೀಗರು ಬಂದರೆ ಮನೆಯವರು ಎದ್ದು ಜಾಗ ಬಿಡುತ್ತಾರೆ. ನಾನೂ ಅದನ್ನೇ ಮಾಡಿದೆ ಎಂದು ಬಹಳ ದಿನ ಅಂದುಕೊಂಡೆ. ಆದರೆ ಅಲ್ಲಿ ಜಾಗ ಬಿಡುವವರು ತಾವಾಗಿ ಏಳುತ್ತಾರೆ. ಅಕ್ಕ ಮಂದಿಯ ಕಾಲುಗಳ ನಡುವೆ ಕೆಳಗೆ ಕೂತು, ಸೆರಗನ್ನು ಹೊಟ್ಟೆಗೆ ಒತ್ತಿಕೊಂಡು ಕಲ್ಯಾಣದವರೆಗೆ ಬಂದಳು.

ಆಮೇಲೆ ಅವಳು ಯಾವಾಗಲೂ ಸರ್ಕಾರಿ ಬಸ್ಸಿಗೇ ಹೋಗುತ್ತಿದ್ದಳು. ನನಗೆ ಮದುವೆಯಾಗಿ ಹುಮನಾಬಾದಿನಲ್ಲೇ ಮನೆಯಾದ ಮೇಲೂ, ಬಂದರೆ ಹೊಸ್ತಿಲಲ್ಲಿ ನಿಂತೇ ಮಾತಾಡುತ್ತಿದ್ದಳು. ಕೂಡು ಎಂದರೆ, "ಬಸ್ಸಿನ ಹೊತ್ತಾತು" ಎನ್ನುತ್ತಿದ್ದಳು. ಮಕ್ಕಳಿಗೆ ತಂದದ್ದನ್ನು ಕೊಟ್ಟು ಹೋಗಿಬಿಡುತ್ತಿದ್ದಳು. ಹೀಗೆಯೇ ಎರಡು ಸಾವಿರದ ಇಸವಿಯೂ ದಾಟಿತು. ಕೊಹಿನೂರದವರು ನನ್ನನ್ನು ಹುಮನಾಬಾದದವ ಅನ್ನುತ್ತಾರೆ, ಹುಮನಾಬಾದಿನಲ್ಲಿ ಇನ್ನೂ ಕೊಹಿನೂರದವ. ಇವನು ನಮ್ಮವನೆಂದು ಎರಡೂ ಕಡೆ ಹೇಳಬಲ್ಲವಳು ಅಕ್ಕ ಒಬ್ಬಳೇ.

ಕಳೆದ ಸುಗ್ಗಿಯಲ್ಲಿ ದುಬಲಗುಂಡಿಗೆ ಹೋದೆ. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು.

"ಏನಪ್ಪಾ, ದಾರಿ ತಪ್ಪಿ ಬಂದಿಯೇನು?"

"ಅಕ್ಕಾ, ರಾಜೇಶ್ವರದಾಗ ಅವತ್ತ... ಲೈನಿನ ಪದ್ಧತಿ ಹಂಗಿತ್ತು..."

ಮೊರದಲ್ಲಿ ಕೇರುವುದು ನಿಂತಿತು. "ಅವತ್ತೂ ಇದನ್ನೇ ಹೇಳಿದ್ದಿ. ಇವತ್ತೂ ಅದನ್ನೇ ಹೇಳಾಕ ಬಂದಿಯೇನು?"

"ಇಲ್ಲಕ್ಕಾ. ನಿನಗ ನೋಯ್ತದ ಅಂತ ನನಗ ಗೊತ್ತಿತ್ತು. ಚಾಚಾ ಬ್ಯಾಡಂದ್ರೂ ಎಬ್ಬಿಸಿದೆ. ತಪ್ಪಾತಕ್ಕಾ."