ಹಂದರದ ಹೀರೇಬಳ್ಳಿ

ನಿಪ್ಪಾಣಿಯಿಂದ ಸಮುದ್ರ ಕಾಣುವುದಿಲ್ಲ. ಆದರೂ ತೊಂಬತ್ತರ ದಶಕದಲ್ಲಿ ನನ್ನ ಲಗ್ನ ಎರಡು ವರ್ಷ ಸಮುದ್ರದಲ್ಲೇ ಸಿಕ್ಕಿಬಿದ್ದಿತ್ತು. ನನಗೆ ಗೊತ್ತುಮಾಡಿದ್ದ ಮಂಗಸೂಳಿ ಊರಿನ ವರನಿಗೆ ಮುಂಬೈಯ ಕಂಪನಿಯೊಂದು ಕಡಲಿನ ತಳದಲ್ಲಿ ತೈಲ ಹುಡುಕುವ ಹಡಗಿನ ಮೇಲೆ ನೌಕರಿ ಕೊಟ್ಟಿತ್ತು. ಹಡಗು ಹೊರಟ ದಿನದಿಂದ ಪಗಾರ. ಅದು ಹೊರಡಲು ದಿಲ್ಲಿಯ ಮಂತ್ರಿಯ ಸಹಿ ಬೇಕು. ಸಹಿ ಹಾಕುವಷ್ಟು ದಿನ ಯಾವ ಮಂತ್ರಿಯೂ ಕುರ್ಚಿಯಲ್ಲಿ ಇರುತ್ತಿರಲಿಲ್ಲ.

ಒಮ್ಮೆ ಸಹಿ ಇನ್ನೇನು ಆದಂತೆಯೇ ಎಂಬ ಸುದ್ದಿ ಬಂತು. ತಂಬಾಕಿನ ಅಡತಿ ಅಂಗಡಿ ನಡೆಸುತ್ತಿದ್ದ ಅಪ್ಪ ಮುಹೂರ್ತ ತೆಗೆಸಿ, ಅಂಗಳದಲ್ಲಿ ಹಂದರ ಹಾಕಿಸಿದರು. ಅದೇ ವಾರ ಸರಕಾರ ಬಿತ್ತು.

"ಹಡಗು ಹೊಂಡೂತನಕ ಲಗ್ನ ಇಲ್ಲ," ಎಂದರು ಅಪ್ಪ.

"ನೆಟ್ಟ ಹಂದರಗಂಬ ಲಗ್ನ ಆಗದ ಕೀಳಾಕ ಬರೂದಿಲ್ಲ," ಎಂದಳು ಅಪ್ಪನ ತಾಯಿ, ನಮ್ಮ ಆಯಿ.

ಇಬ್ಬರೂ ಗೆದ್ದರು. ಲಗ್ನ ಮುಂದೆ ಹೋಯಿತು, ಹಂದರ ಅಲ್ಲೇ ಉಳಿಯಿತು.

ಮಳೆಗಾಲಕ್ಕೆ ಆಯಿ ಕಂಬದ ಬುಡಕ್ಕೆ ಹೀರೇಬೀಜ ಊರಿದಳು. ನನ್ನ ಲಗ್ನದ ಹಂದರದ ಹೀರೇಕಾಯಿ ಪಲ್ಯವನ್ನು ಇಡೀ ಓಣಿ ಉಂಡಿತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸಂಜೆಯಾದರೆ ಆಯಿ ಕೈಮುಗಿದು, "ಮಲ್ಲಯ್ಯಾ, ಯಾವ ಪಾರ್ಟಿಯವನರ ಆಗಲಿ, ಒಂದೀಟು ಗಟ್ಟಿ ಕುಂಡ್ರಸಪ್ಪಾ," ಎಂದು ಬೇಡಿಕೊಳ್ಳುತ್ತಿದ್ದಳು. ಅಪ್ಪ ರೇಡಿಯೋಕ್ಕೆ ಕಿವಿ ಹಚ್ಚಿ ವಾರ್ತೆ ಕೇಳಿ, ಬೆಂಬಲ ಹಿಂತೆಗೆದುಕೊಂಡವಳು ನಾನೇ ಎಂಬಂತೆ ನನ್ನನ್ನು ದಿಟ್ಟಿಸುತ್ತಿದ್ದರು.

ಒಮ್ಮೆ ವರ ಮನೆಗೆ ಬಂದರು. ಕೆಲಸವಿಲ್ಲದೆ ಊರಲ್ಲಿ ಕೂತ ಅವರನ್ನು ಜನ ಬೋರ್ ಎಲ್ಲಿ ಹೊಡೆಸಬೇಕೆಂದು ಕೇಳಲು ಹೊಲಹೊಲಕ್ಕೆ ಕರೆದೊಯ್ಯುತ್ತಿದ್ದರಂತೆ.

"ಸಮುದ್ರದಾಗ ಎಣ್ಣಿ ಹುಡುಕಾಂವಗ ನೆಲದಾಗಿನ ನೀರು ಗೊತ್ತಾಗೂದಿಲ್ಲೇನು ಅಂತಾರ್ರಿ," ಎಂದು ಅಪ್ಪನೆದುರು ಮುಖ ಸಣ್ಣದು ಮಾಡಿದರು. "ನಾ ಇನ್ನೂ ಹಡಗಾನ ಹತ್ತಿಲ್ರಿ."

ಮರುವರ್ಷ ಆಯಿ ಮತ್ತೆ ಬೀಜ ಊರಿ, ಬಳ್ಳಿ ಹೂಬಿಟ್ಟಾಗ ನನ್ನ ತಲೆ ಕೆಟ್ಟಿತು. ಅಂಗಳಕ್ಕಿಳಿದು ಕಂಬವನ್ನು ಎರಡೂ ಕೈಯಲ್ಲಿ ಹಿಡಿದೆ.

"ಅಪ್ಪಾ, ದಿಲ್ಲಿಯವರು ಕುಂಡ್ರಲಿ, ಬೀಳಲಿ. ನನ್ನ ಲಗ್ನಕ್ಕ ದಿನಾ ತಗಸ್ತಿಯೋ, ಇಲ್ಲಾ ಈ ಕಂಬ ಕೀಳ್ಲೋ?"

ಆಯಿ ಎದೆ ಹಿಡಿದುಕೊಂಡು ಕೂತಳು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಭಟ್ಟರ ಮನೆಗೆ ಹೋದರು. ತುಳಸಿ ಲಗ್ನ ಮುಗಿದ ಮೇಲಿನ ಮುಹೂರ್ತ ಸಿಕ್ಕಿತು.

ಅಂದು ಇನ್ನೇನು ಅಕ್ಕಿಕಾಳು ಬೀಳಬೇಕು, ಪಡಸಾಲೆಯಲ್ಲಿ ಫೋನು ಬಡಿದುಕೊಂಡಿತು. ಮುಂಬೈಯಿಂದ. ಸಹಿ ಆಗಿದೆ, ಬೆಳಗಾದರೆ ಹಡಗು ಹೊರಡುತ್ತದೆ, ಈಗಲೇ ಬಸ್ಸು ಹತ್ತಬೇಕು. ಬಾಸಿಂಗ ಕಟ್ಟಿಕೊಂಡಿದ್ದ ವರ ಎದ್ದು ನಿಂತೇಬಿಟ್ಟರು. ಅಪ್ಪ ಕಳಿಸಿಯೇ ಬಿಡುತ್ತಾರೆ ಎಂದುಕೊಂಡೆ.

ಅಪ್ಪ ರಿಸೀವರ್ ಕಿವಿಗೊತ್ತಿ, ಇಡೀ ಹಂದರಕ್ಕೆ ಕೇಳುವಂತೆ ಹೇಳಿದರು: "ಹಡಗಿಗೆ ಕಾಯಾಕ ಹೇಳ್ರಿ. ಅದರ ಸಲುವಾಗಿ ನನ್ನ ಮಗಳನ್ನ ಎರಡು ವರ್ಷ ಕಾಯಿಸೇನಿ ನಾ."

ಫೋನಿಟ್ಟು, ತಲೆಗೆ ಸುತ್ತಿದ್ದ ಪಟಗದ ತುದಿಯಿಂದ ಕಣ್ಣೊರೆಸಿಕೊಂಡು ಅಳಿಯನ ಹತ್ತಿರ ಬಂದರು.

"ಕುಂಡರ್ರಿ," ಎಂದರು.

ಅವರು ಕೂತರು.